ದಕ್ಷಿಣ ಬೆಂಗಳೂರಿನ ಜಾಲಬರಹ: ಒಂದು ಒಡೆತನದ ಚರಿತ್ರೆ

1948ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಅಂದಿನ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಬೆಂಗಳೂರಿನ ದಕ್ಷಿಣಕ್ಕೆ, ಲಾಲ್‌ಬಾಗಿನಿಂದಾಚೆಗೆ ಹೊಲಗಳೂ ಬಂಡೆಗಳೂ ಹರಡಿದ್ದ ಬಯಲಿನಲ್ಲಿ, ಹೊಸದೊಂದು ಬಡಾವಣೆಗೆ ಅಸ್ತಿಭಾರವನ್ನಿಟ್ಟರು; ಮೈಸೂರಿನ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಹೆಸರಿನಿಂದ ಅದು ಜಯನಗರವೆನಿಸಿತು. ಅದಕ್ಕೆ ಮೂರು ವರ್ಷ ಮೊದಲು, 1945ರಲ್ಲಿ, ಸ್ಥಾಪಿತವಾಗಿದ್ದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯು ಅಲ್ಲಿ ಅನುಸರಿಸಿದ ಕ್ರಮವು ಸರಳವಾದುದು. ಬೀದಿಯ ಅಗಲ, ಚರಂಡಿಯ ಇಳಿಜಾರು, ಉದ್ಯಾನಕ್ಕೆ ಮೀಸಲಾದ ನೆಲ, ಗೋಡೆಗೂ ಕಾಂಪೌಂಡಿಗೂ ನಡುವೆ ಬಿಡಬೇಕಾದ ತೆರಪು, ಇವೆಲ್ಲ ಸರ್ವರಿಗೂ ಸಮಾನವಾದ ನಿಯಮಗಳಿಗೆ ಒಳಪಟ್ಟಿದ್ದುವು. ಆ ನಿಯಮಗಳೊಳಗೆ ಕಟ್ಟಿದ ಮನೆ ಮಾತ್ರ ಅವರವರದು. ಸೈಟಿನ ಹಣವನ್ನು ಕಟ್ಟಿ, ಲೀಸ್-ಕಮ್-ಸೇಲ್ ಕರಾರಿನ ಅವಧಿ ತೀರಿ, ಶುದ್ಧ ಕ್ರಯಪತ್ರವು ಕೈಸೇರಿದ ಬಳಿಕ ಮನೆಯ ಯಜಮಾನನನ್ನು ಅಲ್ಲಿಂದ ಎಬ್ಬಿಸಬಲ್ಲವರು ಯಾರೂ ಇರಲಿಲ್ಲ. ಮುಂದೆ ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಜೆ.ಪಿ. ನಗರವೂ, ಬನಶಂಕರಿಯ ಹಲವು ಹಂತಗಳೂ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಕೂಡಿಸಿ ಹುಟ್ಟಿದ ಬಿ.ಟಿ.ಎಂ. ಬಡಾವಣೆಯೂ ಇದೇ ಮಾದರಿಯನ್ನು ಹಿಡಿದು ಬೆಳೆದುವು.

ಅಂತರ್ಜಾಲವನ್ನು ಕಲ್ಪಿಸಿದವರ ಮನಸ್ಸಿನಲ್ಲಿದ್ದುದೂ ಬಹುಮಟ್ಟಿಗೆ ಇಂತಹ ಬಡಾವಣೆಯೇ. 1964ರಲ್ಲಿ ಪಾಲ್ ಬ್ಯಾರನ್ ಎಂಬ ವಿಜ್ಞಾನಿಯು, ಅಣ್ವಸ್ತ್ರದ ಆಘಾತಕ್ಕೆ ಈಡಾದರೂ ಕಡಿದುಹೋಗದ ಸಂಪರ್ಕವ್ಯವಸ್ಥೆಯೊಂದನ್ನು ಚಿಂತಿಸುತ್ತ, ಎಲ್ಲ ತಂತಿಗಳೂ ಬಂದು ಸೇರುವ ಕೇಂದ್ರವೊಂದಿರುವುದೇ ದೌರ್ಬಲ್ಯವೆಂದೂ, ಬಲೆಯ ಗಂಟುಗಳಂತೆ ಪ್ರತಿಯೊಂದು ನೆಲೆಯೂ ಹಲವು ನೆಲೆಗಳಿಗೆ ಹೊಂದಿಕೊಂಡಿರಬೇಕೆಂದೂ ಪ್ರತಿಪಾದಿಸಿದನು. ಕಾಲು ಶತಮಾನದ ಅನಂತರ ಟಿಮ್ ಬರ್ನರ್ಸ್-ಲೀ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಜಗದ್ವ್ಯಾಪಿ ಜಾಲವನ್ನು ರೂಪಿಸಿದನು; 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಅದರ ತಂತ್ರವನ್ನು ಯಾರು ಬೇಕಾದರೂ ಯಾವ ಶುಲ್ಕವನ್ನೂ ಕೊಡದೆ ಬಳಸಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟಿತು. ನಿಯಮ ಒಂದೇ, ಒಡೆಯರು ಅಸಂಖ್ಯಾತರು: ಇದು ಆ ವ್ಯವಸ್ಥೆಯ ಹೃದಯ. ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅದರ ಬಾಗಿಲನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಅಂದಿನಿಂದ ಇಂದಿನವರೆಗೆ ಆ ಅಸಂಖ್ಯಾತ ಒಡೆಯರು ಹೇಗೆ ಬೆರಳೆಣಿಕೆಯ ಮಂದಿಯ ಒಕ್ಕಲುಗಳಾದರು, ಕೈಬಿಟ್ಟುಹೋದ ಒಡೆತನವನ್ನು ಈಗ ವಿಕೇಂದ್ರೀಕೃತ ಜಾಲವೆಂಬ ಹೆಸರಿನಲ್ಲಿ ಮರಳಿ ಪಡೆಯುವ ಮಾತು ಎಷ್ಟು ದಿಟ ಎಂಬುದನ್ನು ದಕ್ಷಿಣ ಬೆಂಗಳೂರಿನ ಜಾಲಬರಹಗಾರರ ಅನುಭವದಿಂದ ನೋಡುವುದು ಈ ಲೇಖನದ ಉದ್ದೇಶ.

ಕನ್ನಡದ ಬರಹಗಾರನಿಗೆ ಪ್ರಕಟಣೆಯ ಒಡೆತನವು ಹೊಸ ವಿಚಾರವೇನೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯವನ್ನು ನಡೆಸಿದರು. ಬೆಂಗಳೂರಿನ ದಕ್ಷಿಣಭಾಗದಲ್ಲಿಯೇ, ಬಸವನಗುಡಿಯಿಂದ ಪಿ. ಲಂಕೇಶರು 1980ರಲ್ಲಿ ಹೊರಡಿಸಿದ ಪತ್ರಿಕೆಯು ಜಾಹೀರಾತಿಗೆ ಕೈಚಾಚದೆ ಓದುಗನು ಕೊಟ್ಟ ಕಾಸಿನಿಂದಲೇ ಬದುಕಿತು; 1995ರಲ್ಲಿ ರವಿ ಬೆಳಗೆರೆಯವರು ಆರಂಭಿಸಿದ ‘ಹಾಯ್ ಬೆಂಗಳೂರ್’ ಬನಶಂಕರಿ ಎರಡನೆಯ ಹಂತದಲ್ಲಿ ನೆಲೆನಿಂತು ಅದೇ ದಾರಿಯಲ್ಲಿ ನಡೆಯಿತು. ಇವರೆಲ್ಲರ ಅಭಿರುಚಿ, ಸಿದ್ಧಾಂತ, ಶೈಲಿಗಳು ಒಂದಕ್ಕೊಂದು ಅಜಗಜಾಂತರವಾದರೂ ಒಂದು ಅಂಶದಲ್ಲಿ ಅವರು ಸಮಾನರು: ಓದುಗನು ಯಾರೆಂಬುದು ಅವರಿಗೆ ತಿಳಿದಿದ್ದಿತು, ಚಂದಾದಾರರ ಪಟ್ಟಿ ಅವರ ಮೇಜಿನಲ್ಲಿಯೇ ಇದ್ದಿತು. ಈ ಪಟ್ಟಿಯ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ.

ಜಾಲದಲ್ಲಿ ಕನ್ನಡವು ಮೊದಲು ಎದುರಿಸಿದ ತೊಡಕು ಒಡೆತನದ್ದಲ್ಲ, ಅಕ್ಷರದ್ದು. 1996ರಲ್ಲಿ ಯು.ಬಿ. ಪವನಜರು ಆರಂಭಿಸಿದ ‘ವಿಶ್ವಕನ್ನಡ’ವು ಕನ್ನಡದ ಮೊದಲ ಜಾಲತಾಣವೆಂದು ಪ್ರಸಿದ್ಧವಾಗಿದೆ. ಆ ಕಾಲದಲ್ಲಿ ಒಂದೊಂದು ತಾಣಕ್ಕೂ ಒಂದೊಂದು ಫಾಂಟು. ಆ ಫಾಂಟು ಓದುಗನ ಗಣಕದಲ್ಲಿ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡ ವಿಕಾರವೊಂದು ಕಾಣುತ್ತಿದ್ದಿತು. ಒಂದು ತಾಣದ ಲೇಖನವನ್ನು ಇನ್ನೊಂದಕ್ಕೆ ಸಾಗಿಸಲು ಬರುತ್ತಿರಲಿಲ್ಲ, ಹುಡುಕುಯಂತ್ರಕ್ಕೆ ಅದು ಕನ್ನಡವೆಂಬುದೇ ತಿಳಿಯುತ್ತಿರಲಿಲ್ಲ. ಹೀಗಿದ್ದೂ ಜನ ಬರೆದರು. 2000ದ ಸುಮಾರಿಗೆ ಇಂಡಿಯಾಇನ್ಫೋ ಸಂಸ್ಥೆಯ ಕನ್ನಡ ಪುಟವಾಗಿ ಹುಟ್ಟಿ, ಎಸ್.ಕೆ. ಶಾಮಸುಂದರರ ಸಂಪಾದಕತ್ವದಲ್ಲಿ ‘ದಟ್ಸ್ ಕನ್ನಡ’ವೆಂದು ಹೆಸರಾದ ತಾಣವು ಅಂತಹ ಬರೆಹಗಳಿಗೆ ದೊಡ್ಡ ಅಂಗಳವಾಯಿತು. ಅದನ್ನು ನಡೆಸಿದ ಸಂಸ್ಥೆಯ ಕಚೇರಿಯು ಜಯನಗರ ಮೂರನೆಯ ಬ್ಲಾಕಿನ ಆನೆಬಂಡೆ ರಸ್ತೆಯಲ್ಲಿ, ಟಾಟಾ ಸಿಲ್ಕ್ ಫಾರಮ್ಮಿನ ನೆರೆಯಲ್ಲಿ ಇದ್ದಿತು. ಜಮ್‌ಷೆಟ್‌ಜಿ ಟಾಟಾ ಅವರು ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಜಪಾನೀ ಕುಶಲಿಗಳ ನೆರವಿನಿಂದ ರೇಷ್ಮೆಯ ಪ್ರಯೋಗ ನಡೆಸಿದ ಆ ನೆಲದ ಪಕ್ಕದಲ್ಲಿ ಕುಳಿತ ಸಂಪಾದಕರ ಮೇಜಿಗೆ, ವಾಷಿಂಗ್ಟನ್ ಸಮೀಪದಲ್ಲಿದ್ದ ಶ್ರೀವತ್ಸ ಜೋಶಿಯವರ ‘ವಿಚಿತ್ರಾನ್ನ’ ಅಂಕಣವು ವಾರವಾರವೂ ಬಂದು ಬೀಳುತ್ತಿದ್ದಿತು.

ಅಕ್ಷರದ ತೊಡಕನ್ನು ಬಿಡಿಸಿದ ಕಥೆಯು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಆದಕಾರಣ ಅಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನು ಅನುಸರಿಸಿ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿದರು, ಮತ್ತು ಅದನ್ನು ತಮ್ಮ ಸ್ವತ್ತೆಂದು ಬೇಲಿ ಹಾಕಿ ಇಟ್ಟುಕೊಳ್ಳಲಿಲ್ಲ. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ಹೊರತಂದ ‘ನುಡಿ’ ತಂತ್ರಾಂಶವು ಆ ವಿನ್ಯಾಸವನ್ನೇ ಆಧರಿಸಿತು. 1998ರಲ್ಲಿ ಅಮೆರಿಕೆಯಲ್ಲಿದ್ದ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವು ಮನೆಯ ಗಣಕದಲ್ಲಿ ಕನ್ನಡ ಟೈಪಿಸುವುದನ್ನು ಸಾಮಾನ್ಯರ ಕೈಗೆ ಎಟುಕಿಸಿತು. ಇವೆಲ್ಲಕ್ಕಿಂತ ಮಿಗಿಲಾದುದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ನಿಗದಿಯಾಗಿದ್ದಿತಾದರೂ, 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಮನೆಮನೆಗೆ ಬಂದ ಮೇಲೆಯೇ ಅದು ಬಳಕೆಗೆ ಒದಗಿತು. ಯೂನಿಕೋಡಿನಲ್ಲಿ ‘ಕ’ ಎಂಬುದು ಎಲ್ಲಿ ಬರೆದರೂ ‘ಕ’ವೇ, ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ, ಯಾವ ಕಂಪನಿ ಮುಳುಗಿದರೂ ಅದು ಮುಳುಗುವುದಿಲ್ಲ. ವಿಕೇಂದ್ರೀಕರಣವೆಂದರೆ ಏನೆಂದು ಯಾರಾದರೂ ಕೇಳಿದರೆ ಬ್ಲಾಕ್‌ಚೈನಿನ ಗಹನವಾದ ಗಣಿತವನ್ನು ವಿವರಿಸಹೊರಡುವುದಕ್ಕಿಂತ ಯೂನಿಕೋಡನ್ನು ತೋರಿಸುವುದು ಲೇಸೆಂದು ನನಗೆ ತೋರುತ್ತದೆ. ಕನ್ನಡದ ಮಟ್ಟಿಗಂತೂ ವಿಕೇಂದ್ರೀಕರಣದ ಮೊದಲ ಗೆಲುವು ಆಗಲೇ ಆಗಿಹೋಗಿದೆ. ಅದನ್ನು ಆ ಹೆಸರಿನಿಂದ ಯಾರೂ ಕರೆಯಲಿಲ್ಲ, ಅಷ್ಟೆ.

ಇದರ ಫಲವಾಗಿ 2004ರಿಂದ ಸುಮಾರು 2010ರವರೆಗೆ ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿಯು ಕಂಡುಬಂದಿತು. ಮಲೆನಾಡಿನಿಂದ, ಕರಾವಳಿಯಿಂದ, ಬಯಲುಸೀಮೆಯಿಂದ ಸಾಫ್ಟ್‌ವೇರ್ ಉದ್ಯೋಗಕ್ಕೆಂದು ಬಂದು, ಬಿ.ಟಿ.ಎಂ. ಬಡಾವಣೆಯ ಪಿ.ಜಿ. ಕೊಠಡಿಗಳಲ್ಲಿಯೂ ಬನಶಂಕರಿಯ ಮಹಡಿಮನೆಗಳಲ್ಲಿಯೂ ಬಾಡಿಗೆಗೆ ಇದ್ದ ತರುಣ ತರುಣಿಯರು, ಊರಿನ ಅಡಿಕೆತೋಟವನ್ನೂ ಅಜ್ಜಿಯ ಅಡುಗೆಯನ್ನೂ ಸಿಲ್ಕ್‌ಬೋರ್ಡಿನ ವಾಹನಸಂದಣಿಯನ್ನೂ ಒಂದೇ ಉಸಿರಿನಲ್ಲಿ ಬರೆದರು. ಹರಿಪ್ರಸಾದ್ ನಾಡಿಗರು 2005ರಲ್ಲಿ ಆರಂಭಿಸಿದ ‘ಸಂಪದ’, ಅಬ್ದುಲ್ ರಶೀದರ ಸಂಪಾದಕತ್ವದ ‘ಕೆಂಡಸಂಪಿಗೆ’, ಜಿ.ಎನ್. ಮೋಹನರ ‘ಅವಧಿ’ ಇವು ಬಿಡಿಬಿಡಿಯಾಗಿ ಬರೆಯುತ್ತಿದ್ದವರಿಗೆ ಕೂಡುವ ಜಗಲಿಗಳಾದುವು. 2008ರಲ್ಲಿ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಸಭಾಂಗಣದಲ್ಲಿ, ಬಿ.ಪಿ. ವಾಡಿಯಾ ಅವರು 1945ರಲ್ಲಿ ಸ್ಥಾಪಿಸಿದ ಆ ಗಂಭೀರ ಸಂಸ್ಥೆಯಲ್ಲಿ, ಕನ್ನಡದ ಬ್ಲಾಗಿಗರು ಮುಖಾಮುಖಿಯಾಗಿ ಸೇರಿದರು. ಆರ್‌ಎಸ್‌ಎಸ್ ಫೀಡ್ ಎಂಬ ಸರಳ ಸಾಧನವೊಂದು ಈ ಲೋಕವನ್ನು ಹೆಣೆದಿದ್ದಿತು: ಬರಹವು ಎಲ್ಲಿಯೇ ಇರಲಿ, ಅದು ಪ್ರಕಟವಾದ ಸುದ್ದಿಯು ಬಯಸಿದ ಓದುಗನಿಗೆ ಯಾವ ದಲ್ಲಾಳಿಯ ದಾಕ್ಷಿಣ್ಯವೂ ಇಲ್ಲದೆ ತಲಪುತ್ತಿದ್ದಿತು.

ಆದರೆ ಈ ಮನೆಗಳು ನಿಂತಿದ್ದ ನೆಲ ಯಾರದಾಗಿದ್ದಿತು? ಬಹುಪಾಲು ಬ್ಲಾಗುಗಳಿದ್ದುದು ಬ್ಲಾಗ್‌ಸ್ಪಾಟಿನಲ್ಲಿ. ಪೈರಾ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆಯು 1999ರಲ್ಲಿ ಆರಂಭಿಸಿದ ‘ಬ್ಲಾಗರ್’ ಸೇವೆಯನ್ನು 2003ರಲ್ಲಿ ಗೂಗಲ್ ಕೊಂಡುಕೊಂಡಿದ್ದಿತು. ಬಾಡಿಗೆ ಇಲ್ಲ, ಮುಂಗಡವಿಲ್ಲ, ದುರಸ್ತಿಯ ಚಿಂತೆಯಿಲ್ಲ, ಆಕ್ಷೇಪಿಸುವುದಕ್ಕೆ ಏನಿದ್ದಿತು? ಮೊದಲ ಪಾಠವು 2006ರ ಜುಲೈ ತಿಂಗಳಿನಲ್ಲಿ ದೊರೆಯಿತು. ಆ ತಿಂಗಳ 11ರಂದು ಮುಂಬಯಿಯ ಲೋಕಲ್ ರೈಲುಗಳಲ್ಲಿ ಬಾಂಬುಗಳು ಸಿಡಿದುವು. ಮುಂದಿನ ದಿನಗಳಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಇಪ್ಪತ್ತಕ್ಕಿಂತ ಕಡಿಮೆ ಸಂಖ್ಯೆಯ ಜಾಲಪುಟಗಳನ್ನು ತಡೆಹಿಡಿಯುವಂತೆ ಅಂತರ್ಜಾಲ ಸಂಸ್ಥೆಗಳಿಗೆ ಆಜ್ಞಾಪಿಸಿತು. ಆ ಸಂಸ್ಥೆಗಳಲ್ಲಿ ಅನೇಕವು ಒಂದೊಂದು ಪುಟವನ್ನು ಆರಿಸಿ ಮುಚ್ಚುವ ಶ್ರಮಕ್ಕೆ ಹೋಗದೆ, ಇಡೀ ಬ್ಲಾಗ್‌ಸ್ಪಾಟನ್ನೂ ಜಿಯೋಸಿಟೀಸನ್ನೂ ಟೈಪ್‌ಪ್ಯಾಡನ್ನೂ ಒಮ್ಮೆಗೇ ಮುಚ್ಚಿಬಿಟ್ಟುವು. ಅಡುಗೆಯ ವಿಧಾನವನ್ನು ಬರೆಯುತ್ತಿದ್ದವರ ಪುಟವೂ, ತುಂಬು ಗಂಭೀರವಾದ ಸಾಹಿತ್ಯವಿಮರ್ಶೆಯ ಪುಟವೂ, ಕೆಲವು ದಿನಗಳ ಮಟ್ಟಿಗೆ ಭಾರತದಲ್ಲಿ ಅದೃಶ್ಯವಾದುವು. ಅದೇ ವರ್ಷ ಪಾಕಿಸ್ತಾನದಲ್ಲಿಯೂ ಬ್ಲಾಗ್‌ಸ್ಪಾಟ್ ನಿಷೇಧಿತವಾಗಿದ್ದುದರಿಂದ ಅಲ್ಲಿನ ಬ್ಲಾಗಿಗರು ಹಿಂಬಾಗಿಲೊಂದನ್ನು ಕಟ್ಟಿಕೊಂಡಿದ್ದರು. ಭಾರತದ ಬ್ಲಾಗಿಗರು ತಮ್ಮ ಪುಟಗಳನ್ನು ತಾವೇ ಓದಿಕೊಳ್ಳುವುದಕ್ಕೆ ಆ ಪಾಕಿಸ್ತಾನೀ ಬಾಗಿಲಿನಿಂದ ನುಸುಳಬೇಕಾಯಿತು! ಎಲ್ಲರೂ ಒಂದೇ ಕಟ್ಟಡದಲ್ಲಿ ಇದ್ದುದರಿಂದ ಒಂದು ಬೀಗವೇ ಸಾಕಾಯಿತೆಂಬ ಮಾತನ್ನು ಅಂದು ಕೆಲವರು ಆಡಿರಲೂ ಸಾಕು; ತಡೆ ತೆರವಾದೊಡನೆ ಜನ ಅದನ್ನು ಮರೆತರು.

ಎರಡನೆಯ ಪಾಠವು ಇದಕ್ಕಿಂತ ಸೂಕ್ಷ್ಮವಾದುದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. 2012ರ ಆರಂಭದಿಂದ ಬ್ಲಾಗರ್ ಸೇವೆಯು ಭಾರತದ ಓದುಗರನ್ನು ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ನಿಂದ ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಎಂಬ ವಿಳಾಸಕ್ಕೆ ತಿರುಗಿಸತೊಡಗಿತು. ಆಯಾ ದೇಶದ ಕಾನೂನಿನಂತೆ ಪುಟಗಳನ್ನು ಆಯಾ ದೇಶದಲ್ಲಿ ಮಾತ್ರ ತೆಗೆದುಹಾಕಲು ಅನುಕೂಲವಾಗಲೆಂಬುದು ಅದರ ಆಶಯ. ಬರಹಗಾರನನ್ನು ಯಾರೂ ಕೇಳಲಿಲ್ಲ. ವರ್ಷಗಟ್ಟಲೆ ಜನರು ಆ ‘ಡಾಟ್ ಇನ್’ ಕೊಂಡಿಗಳನ್ನೇ ಮಿಂಚಂಚೆಗಳಲ್ಲಿ, ಫೇಸ್‌ಬುಕ್ಕಿನಲ್ಲಿ, ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ, ವಿಕಿಪೀಡಿಯದ ಉಲ್ಲೇಖಗಳಲ್ಲಿ ಉಪಯೋಗಿಸಿದರು. 2020ರ ನಡುವಿನಲ್ಲಿ ಆ ವಿಳಾಸದ ನೋಂದಣಿಯು ಗೂಗಲ್ ಕೈತಪ್ಪಿ ಬೇರೊಬ್ಬರ ಪಾಲಾಯಿತು. ಲಕ್ಷಾಂತರ ಕೊಂಡಿಗಳು ಒಮ್ಮೆಗೇ ದಾರಿತಪ್ಪಿದುವು. ಲೇಖನವೇನೋ ಮೂಲ ವಿಳಾಸದಲ್ಲಿ ಸುರಕ್ಷಿತವಾಗಿಯೇ ಇದ್ದಿತು; ಆದರೆ ಅದರ ಕಡೆಗೆ ಲೋಕವು ಚಾಚಿದ್ದ ಬೆರಳುಗಳೆಲ್ಲ ಶೂನ್ಯವನ್ನು ತೋರಿಸುತ್ತಿದ್ದುವು. ಜಗತ್ತಿನ ಅತ್ಯಂತ ಸಮರ್ಥವೆನಿಸಿದ ಸಂಸ್ಥೆಯಿಂದಲೇ ಹೀಗೆ ನಡೆಯಿತೆಂಬುದನ್ನು ಗಮನಿಸಬೇಕು. ಇಲ್ಲಿ ದ್ವೇಷವಿರಲಿಲ್ಲ, ಸಂಚು ಇರಲಿಲ್ಲ, ಅಜಾಗರೂಕತೆಯೊಂದೇ ಸಾಕಾಯಿತು.

ಉಳಿದ ಅವಸಾನಗಳನ್ನು ಬೇಗನೆ ಹೇಳಿ ಮುಗಿಸಬಹುದು. ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಫೀಡುಗಳನ್ನು ಓದಲು ಬಹುಮಂದಿ ಆಶ್ರಯಿಸಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಅಸ್ತಂಗತವಾದುವು. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ, ಕನ್ನಡದಲ್ಲಿ ಹಾಡಿ ಕುಣಿದು ನಗಿಸುತ್ತಿದ್ದ ಅನೇಕರು ತಮ್ಮ ಲಕ್ಷಾಂತರ ನೋಟಕರನ್ನು ರಾತ್ರಿ ಕಳೆಯುವುದರೊಳಗಾಗಿ ಕಳೆದುಕೊಂಡರು. ನಿಷೇಧವು ಸರಿಯೋ ತಪ್ಪೋ ಎಂಬುದು ಬೇರೆ ಜಿಜ್ಞಾಸೆ. ಲಂಕೇಶರ ಮೇಜಿನಲ್ಲಿದ್ದ ಚಂದಾದಾರರ ಪಟ್ಟಿಯಂತಹುದು ಇವರಲ್ಲಿ ಒಬ್ಬರ ಬಳಿಯೂ ಇರಲಿಲ್ಲ.

ಸಂಪಾದನೆಯ ವಿಷಯದಲ್ಲಿಯೂ ಕನ್ನಡದ ಬರಹಗಾರನು ದೂರದ ಯಜಮಾನನ ಬಾಗಿಲಲ್ಲಿ ಕಾಯಬೇಕಾಯಿತು. ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು ವ್ಯವಸ್ಥೆಯು ಹಿಂದಿಯನ್ನು 2014ರ ಕೊನೆಯಲ್ಲಿ, ಬಂಗಾಳಿಯನ್ನು 2017ರಲ್ಲಿ, ತಮಿಳನ್ನು 2018ರಲ್ಲಿ ಅಂಗೀಕರಿಸಿತು. ಕನ್ನಡದ ಸರದಿ ಅದಕ್ಕೂ ತಡವಾಗಿ ಬಂದಿತು. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳು ಒಳಗೆ ಹೋದುವು, ಕನ್ನಡವು ಹೊರಗೆ ಉಳಿಯಿತು. ಜ್ಞಾನಪೀಠ ಪ್ರಶಸ್ತಿಗಳ ಎಣಿಕೆಯನ್ನು ನಾವು ಎಷ್ಟು ಹೆಮ್ಮೆಯಿಂದ ಹೇಳಿಕೊಂಡರೂ ಅದನ್ನು ಕೇಳಿಸಿಕೊಳ್ಳುವವರು ಆ ಬಾಗಿಲಲ್ಲಿ ಯಾರೂ ಇರಲಿಲ್ಲ. ಆ ಕೊರತೆಯ ನಡುವೆಯೇ 2020ರಲ್ಲಿ ‘ಮೈಲ್ಯಾಂಗ್’ನಂತಹ ಕನ್ನಡದವರ ಇ-ಪುಸ್ತಕ ಮಳಿಗೆಗಳು ಹುಟ್ಟಿಕೊಂಡುವು.

ಸ್ಥಳೀಯ ಒಡೆತನವೇ ಪರಿಹಾರವಲ್ಲವೆ ಎಂದು ಕೇಳುವವರುಂಟು. ಅವರಿಗೆ ‘ಕೂ’ವಿನ ಕಥೆಯೇ ಉತ್ತರ. ಬೆಂಗಳೂರಿನಲ್ಲಿಯೇ ಹುಟ್ಟಿ, 2020ರಲ್ಲಿ ಮೊದಲಿಗೆ ಕನ್ನಡದಲ್ಲಿಯೇ ಬಳಕೆಗೆ ಬಂದ ಆ ಕಿರುಬರಹದ ತಾಣವು, ಮಂತ್ರಿಗಳನ್ನೂ ಚಿತ್ರನಟರನ್ನೂ ಸೆಳೆದುಕೊಂಡು, ಹೊರದೇಶಗಳವರೆಗೆ ಹಬ್ಬಿ, 2024ರ ಜುಲೈ ತಿಂಗಳಿನಲ್ಲಿ ಹಣದ ಅಭಾವದಿಂದ ಮುಚ್ಚಿತು. ಊರು ನಮ್ಮದಾಗಿದ್ದರೂ ಕಟ್ಟಡ ಒಂದೇ ಆಗಿದ್ದಿತು. ಅದು ಬಿದ್ದಾಗ ಅಲ್ಲಿ ಬರೆದುದೆಲ್ಲ ಅದರೊಡನೆ ಬಿದ್ದಿತು.

ಹೀಗೆ ನಾವು ವಿಕೇಂದ್ರೀಕೃತ ಜಾಲದ ಬಳಿಗೆ ಬರುತ್ತೇವೆ. ಆ ಹೆಸರಿನಡಿಯಲ್ಲಿ ಮೂರು ಬೇರೆಬೇರೆ ಪ್ರಯತ್ನಗಳು ಸೇರಿಕೊಂಡಿವೆ, ಅವನ್ನು ಒಂದೆಂದು ತಿಳಿಯುವುದು ಭ್ರಮೆ. ಮೊದಲನೆಯದು ಒಕ್ಕೂಟದ ಮಾದರಿ. ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2018ರ ಜನವರಿಯಲ್ಲಿ ‘ಆಕ್ಟಿವಿಟಿಪಬ್’ ಎಂಬ ಸಂವಹನಕ್ರಮವನ್ನು ಅಂಗೀಕರಿಸಿತು. ಅದನ್ನು ಅನುಸರಿಸುವ ‘ಮಾಸ್ಟೊಡಾನ್’ನಲ್ಲಿ ಒಬ್ಬನು ಒಂದು ಸರ್ವರಿನಲ್ಲಿ ಖಾತೆ ತೆರೆದು, ಬೇರ್ಯಾರದೋ ಸರ್ವರಿನಲ್ಲಿರುವ ಓದುಗನಿಗೆ ಬರೆಯಬಹುದು; ಮಿಂಚಂಚೆಯಲ್ಲಿ ನಾವು ದಿನವೂ ಮಾಡುತ್ತಿರುವುದು ಇದನ್ನೇ. ಭಾರತದಲ್ಲಿ ಈ ಹೆಸರು ಜನರ ಬಾಯಿಗೆ ಬಂದದ್ದು 2019ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತ್ತಿನಲ್ಲಿಟ್ಟಾಗ. ಅದನ್ನು ಪ್ರತಿಭಟಿಸಿ ಮಾಸ್ಟೊಡಾನಿಗೆ ಹೋದವರಲ್ಲಿ ಬಹುಮಂದಿ ಕೆಲವು ವಾರಗಳಲ್ಲಿ ಹಿಂದಿರುಗಿದರೆಂಬುದನ್ನೂ ಇಲ್ಲಿ ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡ ಮೇಲೆ ಇನ್ನೊಂದು ವಲಸೆ ನಡೆಯಿತು. ಎರಡನೆಯದು, ಬರಹವನ್ನು ಸ್ಥಳದಿಂದ ಗುರುತಿಸದೆ ಅದರ ತಿರುಳಿನಿಂದಲೇ ಗುರುತಿಸುವ ‘ಐಪಿಎಫ್‌ಎಸ್’ನಂತಹ ಸಂಗ್ರಹಕ್ರಮ. ಮೂರನೆಯದು, ಬ್ಲಾಕ್‌ಚೈನಿನ ಮೇಲೆ ನಾಣ್ಯದಂತಹ ಟೋಕನ್ನುಗಳನ್ನು ಹಂಚಿ ಬರಹಗಾರನಿಗೆ ವರಮಾನ ತರುವೆವೆನ್ನುವ ಪಂಥ.

ಈ ಮೂರನೆಯ ಪಂಥದಲ್ಲಿ ನನಗೆ ವಿಶ್ವಾಸವಿಲ್ಲ. 2016ರಲ್ಲಿ ಆರಂಭವಾದ ‘ಸ್ಟೀಮಿಟ್’ ಎಂಬ ತಾಣವು ಬರೆದವರಿಗೂ ಮೆಚ್ಚಿದವರಿಗೂ ತನ್ನದೇ ಟೋಕನ್ನುಗಳನ್ನು ಕೊಟ್ಟಿತು. 2018ರಲ್ಲಿ ಅವುಗಳ ಬೆಲೆ ಕುಸಿದಾಗ ಸಂಸ್ಥೆಯು ತನ್ನ ನೌಕರರಲ್ಲಿ ಹೆಚ್ಚು ಪಾಲನ್ನು ಮನೆಗೆ ಕಳುಹಿಸಿತು. 2020ರಲ್ಲಿ ಧನಿಕನೊಬ್ಬನು ಅದನ್ನು ಕೊಂಡುಕೊಂಡಾಗ ಬಳಕೆದಾರರ ಒಂದು ಗುಂಪು ಜಗಳವಾಡಿ ‘ಹೈವ್’ ಎಂಬ ಬೇರೆ ಜಾಲವನ್ನು ಕಟ್ಟಿಕೊಂಡು ಹೊರಟಿತು. ಮತದ ಹಕ್ಕು ಟೋಕನ್ನಿಗೆ ಅಂಟಿಕೊಂಡಿದ್ದರೆ ಟೋಕನ್ನುಳ್ಳವನೇ ಜಮೀನುದಾರನಾಗುತ್ತಾನೆಂಬುದು ಅದರಿಂದ ತಿಳಿದ ನೀತಿ. ಇದಕ್ಕೆ ಪ್ರತಿಯಾಗಿ, 2016ರಲ್ಲಿ ಬಂದ ಯುಪಿಐ ಓದುಗನ ಜೇಬಿನಿಂದ ಹತ್ತು ರೂಪಾಯಿಯನ್ನು ನೇರವಾಗಿ ಲೇಖಕನ ಖಾತೆಗೆ ತಲಪಿಸುವ ಕೆಲಸವನ್ನು ಯಾವ ತತ್ತ್ವಜಿಜ್ಞಾಸೆಯೂ ಇಲ್ಲದೆ ಮಾಡುತ್ತಿದೆ. ಅದು ಒಂದೇ ನಿಗಮದ ಕೈಯಲ್ಲಿರುವ ಕೇಂದ್ರೀಕೃತ ವ್ಯವಸ್ಥೆಯೆಂಬ ವಿನೋದವನ್ನು ಓದುಗರು ಗಮನಿಸಿಯೇ ಇರುತ್ತಾರೆ.

ಮೊದಲೆರಡು ಪ್ರಯತ್ನಗಳಿಂದ ಬರಹಗಾರನಿಗೆ ದೊರೆಯುವುದೇನು? ಮುಖ್ಯವಾಗಿ, ಬಿಟ್ಟುಹೋಗುವ ಸ್ವಾತಂತ್ರ್ಯ. ಮಾಸ್ಟೊಡಾನಿನಲ್ಲಿ ಸರ್ವರಿನ ಯಜಮಾನನೊಡನೆ ಮನಸ್ತಾಪವಾದರೆ ಬೇರೆ ಸರ್ವರಿಗೆ ಹೋಗಬಹುದು, ಹಿಂಬಾಲಿಸುತ್ತಿದ್ದ ಓದುಗರೂ ತಾವಾಗಿಯೇ ಜೊತೆಗೆ ಬರುತ್ತಾರೆ. ಚಂದಾದಾರರ ಪಟ್ಟಿಯು ಹೀಗೆ ಬರಹಗಾರನ ಮೇಜಿಗೆ ಮರಳುತ್ತದೆ. ಆದರೆ ಹಳೆಯ ಬರಹಗಳು ಬರುವುದಿಲ್ಲ, ಅವು ಹಳೆಯ ಮನೆಯಲ್ಲಿಯೇ ಉಳಿಯುತ್ತವೆ. ಐಪಿಎಫ್‌ಎಸ್‌ನಲ್ಲಿ ಇಟ್ಟ ಬರಹವು ಚಿರಂಜೀವಿಯೆಂಬ ಪ್ರಚಾರವಿದೆ. ಯಾರಾದರೊಬ್ಬರು ತಮ್ಮ ಗಣಕದಲ್ಲಿ ಅದರ ಪ್ರತಿಯನ್ನು ಉಳಿಸಿಕೊಂಡಿರುವವರೆಗೆ ಮಾತ್ರ ಅದು ಬದುಕುತ್ತದೆಂಬುದು ವಾಸ್ತವ. ಇತ್ತ ಪ್ರತಿಗಳು ಹಲವು ಕಡೆ ಹರಡಿಹೋದ ಮೇಲೆ, ತಪ್ಪು ಬರೆದುದನ್ನು ಹಿಂತೆಗೆದುಕೊಳ್ಳುವುದು ಕಷ್ಟ, ನಿಂದೆಗೆ ಗುರಿಯಾದವನಿಗೆ ನ್ಯಾಯ ದೊರಕಿಸುವುದು ಮತ್ತಷ್ಟು ಕಷ್ಟ. ಸಣ್ಣ ಸರ್ವರನ್ನು ನಡೆಸುವವನು ಕೂಡ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ದೃಷ್ಟಿಯಲ್ಲಿ ಮಧ್ಯವರ್ತಿಯೇ. ದೂರುಗಳನ್ನು ಕೇಳುವುದು, ಬೈಗುಳವನ್ನು ಅಳಿಸುವುದು, ಜಗಳ ಬಿಡಿಸುವುದು, ವಿದ್ಯುತ್ತಿಗೂ ಯಂತ್ರಕ್ಕೂ ಹಣ ಹೊಂದಿಸುವುದು ಇವೆಲ್ಲ ಅವನ ತಲೆಯ ಮೇಲಿನ ಹೊರೆ. ದೊಡ್ಡ ಕಂಪನಿಗಳು ನಮ್ಮಿಂದ ಕಸಿದುಕೊಂಡದ್ದು ಒಡೆತನವನ್ನಷ್ಟೇ ಅಲ್ಲ, ಚಾಕರಿಯನ್ನೂ ಹೌದು. ಒಂದನ್ನು ಮರಳಿ ಕೇಳುವವರು ಇನ್ನೊಂದಕ್ಕೂ ಸಿದ್ಧರಿರಬೇಕು.

ಆ ಚಾಕರಿಗೆ ಹೆಗಲು ಕೊಟ್ಟವರು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪಿತ್ತರೂ ಸಮುದಾಯಗಳಿಗೆ ಬಾನುಲಿಯ ಪರವಾನಗಿ ದೊರೆಯದಿದ್ದ ವರ್ಷಗಳಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು ‘ನಮ್ಮ ಧ್ವನಿ’ ಎಂಬ ಕಾರ್ಯಕ್ರಮಗಳನ್ನು ತಾವೇ ತಯಾರಿಸಿ, ಅಲೆಗಳಿಲ್ಲದಿದ್ದರೇನಾಯಿತೆಂದು ಕೇಬಲ್ ತಂತಿಯ ಮೂಲಕ ಮನೆಮನೆಗೆ ಕೇಳಿಸಿದರು. ಬೆಂಗಳೂರಿನ ‘ಜನಸ್ತು’ ಸಂಸ್ಥೆಯು ತುಮಕೂರಿನ ಸಮೀಪದ ದೇವರಾಯನದುರ್ಗದ ಸುತ್ತಿನಲ್ಲಿ, ಹಳ್ಳಿಗಳ ನಡುವೆ ವೈಫೈ ಬಲೆಯನ್ನು ಹೆಣೆದು, ಅಂತರ್ಜಾಲದ ದೊಡ್ಡ ತಂತಿಯ ಹಂಗಿಲ್ಲದೆಯೇ ಅಲ್ಲಿನವರು ತಮ್ಮ ಮಾತುಕಥೆಗಳನ್ನು ದಾಖಲಿಸಿ ಹಂಚಿಕೊಳ್ಳುವ ಪ್ರಯೋಗವನ್ನು ನಡೆಸಿದೆ. ‘ಸಂಚಯ’ ಎಂಬ ತಂಡದ ಗೆಳೆಯರು ವಚನಗಳನ್ನು ಯೂನಿಕೋಡಿನಲ್ಲಿ ಹುಡುಕಬಹುದಾದಂತೆ ಮಾಡಿದ್ದಾರೆ. 2014ರಲ್ಲಿ ಕಾದಂಬರಿಕಾರ ನಿರಂಜನರ ಐವತ್ತೈದು ಕೃತಿಗಳನ್ನು ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಆ ಪುಸ್ತಕಗಳನ್ನು ಇನ್ನು ಯಾವ ಒಬ್ಬ ಪ್ರಕಾಶಕನ ಅಳಿವೂ ಅಳಿಸಲಾರದು. ಇವೆಲ್ಲವೂ ಸಣ್ಣ ಕೆಲಸಗಳು, ಸದ್ದಿಲ್ಲದ ಕೆಲಸಗಳು. ವಿಕೇಂದ್ರೀಕರಣದ ಹೆಸರಿನಲ್ಲಿ ನಡೆಯುವ ದೊಡ್ಡ ಸಮ್ಮೇಳನಗಳ ಘೋಷಣೆಗಳಿಗಿಂತ ಇವುಗಳಲ್ಲಿ ನನಗೆ ಹೆಚ್ಚು ಭರವಸೆ.

ದಕ್ಷಿಣ ಬೆಂಗಳೂರು ಈ ಕೆಲಸಕ್ಕೆ ಯೋಗ್ಯವಾದ ನೆಲ. ಬನಶಂಕರಿಯಲ್ಲಿ 1971ರಲ್ಲಿ ಆರಂಭವಾದ ಸುಚಿತ್ರಾ ಫಿಲಂ ಸೊಸೈಟಿ ಉಂಟು, ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರ ಉಂಟು, ಜಯನಗರದಲ್ಲಿ ನ್ಯಾಷನಲ್ ಕಾಲೇಜು ಉಂಟು. ಚಿತ್ರ, ನಾಟಕ, ವಿದ್ಯೆಗಳಿಗೆ ಜನರೇ ಸೇರಿ ಕಟ್ಟಿದ ಮನೆಗಳಿರುವ ಕಡೆ ಬರಹಕ್ಕೊಂದು ಸಾಮೂಹಿಕ ಸರ್ವರು ಏಕೆ ಇರಬಾರದು? ಹಣದ ಪ್ರಶ್ನೆಗೂ ಉತ್ತರವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಈ ಬಡಾವಣೆಗಳ ಪ್ರತಿಯೊಬ್ಬ ಮನೆಯೊಡೆಯನೂ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಕೊಡುತ್ತಿದ್ದಾನೆ. ಮುದ್ರಿತ ಪುಸ್ತಕವನ್ನು ಕಾಪಾಡುವ ಕರ್ತವ್ಯವುಳ್ಳ ಗ್ರಂಥಾಲಯಕ್ಕೆ, ತನ್ನ ಬಡಾವಣೆಯ ಬರಹಗಾರರ ಜಾಲಪುಟಗಳನ್ನು ಇಟ್ಟು ಕಾಪಾಡುವ ಕರ್ತವ್ಯವೂ ಸೇರಬೇಕೆಂದು ಆ ಕರವನ್ನು ತೆರುವವರು ಕೇಳಬೇಕು. ಕೇಳಲು ಅವರಿಗೆ ಸಂಪೂರ್ಣ ಅಧಿಕಾರವಿದೆ. ಅಂತಹ ದಿನ ಬರುವವರೆಗೆ, ಹತ್ತು ಹದಿನೈದು ವರ್ಷಗಳ ಹಿಂದೆ ಬ್ಲಾಗು ಬರೆದು ನಿಲ್ಲಿಸಿದ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ: ನಿಮ್ಮ ಗುಪ್ತಪದವು ಇನ್ನೂ ನೆನಪಿದ್ದರೆ ಇಂದೇ ಒಳಹೊಕ್ಕು, ನಿಮ್ಮ ಬರಹಗಳೆಲ್ಲದರ ಪ್ರತಿಯೊಂದನ್ನು ಇಳಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ, ಸಾಧ್ಯವಾದರೆ ಸ್ವಂತ ಹೆಸರಿನ ವಿಳಾಸವೊಂದನ್ನು ಕೊಂಡು ಅವನ್ನು ಅಲ್ಲಿಗೆ ಸಾಗಿಸಿರಿ. ಪ್ರತಿಯನ್ನು ಇಳಿಸಿಕೊಳ್ಳುವ ಸೌಲಭ್ಯವು ಬ್ಲಾಗರಿನಲ್ಲಿಯೂ ವರ್ಡ್‌ಪ್ರೆಸ್ಸಿನಲ್ಲಿಯೂ ಇದೆ. ಅದಕ್ಕೆ ಹಣವನ್ನು ಕೊಡಬೇಕಾದುದಿಲ್ಲ.